ಮರ್ಯಾದೆಗೆ ಬರೆದ ಸಂಬಳ

ದಿವಾಳಿ ಅರ್ಜಿ ತೆಗೆದುಕೊಳ್ಳುವ ಕ್ಲರ್ಕ್ ಮೇಡಂ ನನ್ನ ಸಂಬಳದ ಚೀಟಿಯನ್ನು ಎರಡು ಸಲ ಓದಿದರು.

“ನಿಮ್ಮ ಆದಾಯ ಮಿತಿಗಿಂತ ಎರಡು ಸಾವಿರ ಜಾಸ್ತಿ ಇದೆ. ಇಷ್ಟು ದುಡಿಯೋರಿಗೆ ದಿವಾಳಿ ಕೊಡಲ್ಲ.”

ಅರ್ಜಿ ಬಿದ್ದುಹೋದರೆ ಸಾಲ ಕೊಟ್ಟವರು ಸೋಮವಾರ ನಮ್ಮ ಮನೆಗೆ ಬೀಗ ಹಾಕುತ್ತಾರೆ. ಚೀಟಿ ಕಸಿದುಕೊಂಡು ನೋಡಿದೆ. ನಾನು ದುಡಿಯುವ ಲೇತ್ ಶೆಡ್ಡಿನ ಮಾಲೀಕ ನನ್ನ ಸೋದರಮಾವ. ಅವನೇ ಬರೆದು, ಲಕೋಟೆ ಅಂಟಿಸಿ ಕೊಟ್ಟಿದ್ದ.

“ಇದು ಸುಳ್ಳು! ನನಗೆಲ್ಲಿ ಬರುತ್ತೆ ಇಷ್ಟು?” ಎಂದು ಕೂಗಿದೆ.

ಪಕ್ಕದಲ್ಲಿದ್ದ ಹೆಂಡತಿ ನನ್ನ ತೋಳು ಚಿವುಟಿದಳು. “ಕೂಗಬೇಡ್ರೀ. ‘ಅಕ್ಕನ ಮಗನ ಸಂಬಳ ಕಮ್ಮಿ ಬರೆದರೆ ನನ್ನ ಮರ್ಯಾದೆ ಏನಾಗಬೇಕು’ ಅಂತ ಮಾವ ಮೊನ್ನೆ ಅಂದ್ರು. ತಮಾಷೆಗೆ ಅಂದ್ಕೊಂಡೆ.”

“ಅವರನ್ನೇ ಕೇಳೋಣ,” ಎಂದು ಮೇಡಂ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಅದು ರಿಂಗಾಗುತ್ತಿದ್ದ ಹಾಗೆ ನಾನು ಫೋನಿನತ್ತ ಬಗ್ಗಿದೆ. ಮಾವ, ಇವತ್ತೊಂದು ದಿನ ನನ್ನ ಬಡತನ ಒಪ್ಪಿಕೊಂಡುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ಸರ್ಕಾರಿ ಕಚೇರಿಯಿಂದ ಮಾತಾಡ್ತಿದೀನಿ. ನಿಮ್ಮ ಅಳಿಯನ ಸಂಬಳ ನಿಜವಾಗಿ ಎಷ್ಟು?”

ಅತ್ತ ಲೇತ್ ಯಂತ್ರ ಕಿರುಗುಟ್ಟುತ್ತಿತ್ತು. ಮಾವ ಗಂಟಲು ಸರಿಮಾಡಿಕೊಂಡ.

“ಚೀಟಿಲಿ ಕಮ್ಮಿನೇ ಬರೆದಿದೀನಿ ತಾಯಿ. ಇನ್ನೂ ಐನೂರು ಸೇರಿಸ್ಕೊಳ್ಳಿ!”

ಹೆಂಡತಿ ಮುಖ ಮುಚ್ಚಿಕೊಂಡಳು. ಮೇಡಂ ಕೆಂಪು ಪೆನ್ನಿನ ಮುಚ್ಚಳ ತೆಗೆದರು.