ಅಶ್ವದಳ ಹೋದ ದಾರಿ

ಇರಾಕಿ ಸೈನ್ಯ ಕುವೈತಿಗೆ ನುಗ್ಗಿದ ಮೇಲೆ ಅಲ್ಲಿನ ಮಿರ್ಕಾಬ್ ಬಡಾವಣೆಯ ಆಫೀಸಿಗೆ ಬೀಗ ಬಿತ್ತು. ಟೈಪಿಸ್ಟ್ ಯೂಜಿನ್‌ನ ಕೆಲಸ ಮಾತ್ರ ನಿಲ್ಲಲಿಲ್ಲ. ಅವನ ಮ್ಯಾನೇಜರ್ ಪೆಂಬರ್ಟನ್ ಸಾಹೇಬರು ಬ್ನೇದ್ ಅಲ್ ಗಾರ್‌ನ ಫ್ಲ್ಯಾಟಿನಲ್ಲಿ ಪರದೆ ಎಳೆದುಕೊಂಡು ಅಡಗಿದ್ದರು. ಬ್ರಿಟಿಷರನ್ನು ಸೈನಿಕರು ಹುಡುಕಿ ಹಿಡಿದೊಯ್ಯುತ್ತಿದ್ದರು. ಇಂಡಿಯನ್ನರನ್ನು ಇಕಾಮಾ, ಅಂದರೆ ವಾಸದ ಪರವಾನಗಿ, ನೋಡಿ ಬಿಟ್ಟುಬಿಡುತ್ತಿದ್ದರು. ಹಾಗಾಗಿ ಯೂಜಿನ್ ದಿನಾ ಬೆಳಿಗ್ಗೆ ರೊಟ್ಟಿ, ಡಬ್ಬಿ ಮೀನು ಒಯ್ದು ಕೊಡುತ್ತಿದ್ದ.

ಸಾಹೇಬರ ತಂದೆ ಮೊದಲ ಮಹಾಯುದ್ಧದಲ್ಲಿ ಇಂಡಿಯನ್ ಅಶ್ವದಳದ ಬ್ರಿಗೇಡೊಂದರ ಅಧಿಕಾರಿ. ಅದರ ಇತಿಹಾಸ ಬರೆದೇ ತೀರಬೇಕೆಂದು ಮಗನ ಹಠ. ಟೈಪ್‌ರೈಟರಿನ ಸದ್ದು ಹೊರಗೆ ಕೇಳೀತೆಂದು ಈಗ ತಾವು ಹೇಳುತ್ತ ಯೂಜಿನ್‌ನಿಂದ ಕೈಯಲ್ಲೇ ಬರೆಸುತ್ತಿದ್ದರು. ಬಸ್ರಾದಲ್ಲಿ ಹಡಗಿನಿಂದ ಇಳಿದ ಕುದುರೆಗಳು, ಅಮಾರಾದ ಕೆಸರು, ಕುತ್ ಊರಿನ ಹತ್ತಿರ ನಡೆದ ಕಾಳಗ. ಕೆಳಗೆ ಗುಂಡು ಹಾರಿದರೂ ಇಬ್ಬರೂ ತಲೆ ಎತ್ತುತ್ತಿರಲಿಲ್ಲ.

"ಅಲ್ಲಿ ಸತ್ತವರು ಕ್ಯಾಪ್ಟನ್ ಹೋಲ್ಟ್, ಮತ್ತೆ ಹನ್ನೊಂದು ಮಂದಿ ಇಂಡಿಯನ್ ಸವಾರರು."

"ಸವಾರರ ಹೆಸರು, ಸರ್?"

ಸಾಹೇಬರು ಯೋಚಿಸಿದರು. "ಅಪ್ಪ ಹೇಳಿರಲಿಲ್ಲ. ತಮ್ಮ ಕುದುರೆಯ ಹೆಸರು ಹೇಳುತ್ತಿದ್ದರು."

ಯೂಜಿನ್ ಹನ್ನೊಂದು ಎಂದೇ ಬರೆದ. ಸಿಟ್ಟು ಬರಬೇಕಿತ್ತೋ ಏನೋ, ಬರಲಿಲ್ಲ.

ಮೈದಾನ್ ಹವಲ್ಲಿಯ ಮನೆಯಲ್ಲಿ ಹೆಂಡತಿ ಮೊಲ್ಲಿ ಚೀಲ ಕಟ್ಟಿಟ್ಟಿದ್ದಳು. "ನಾಡಿದ್ದು ಬಸ್ ಉಂಟು. ಬಸ್ರಾ, ಬಾಗ್ದಾದ್, ಅಲ್ಲಿಂದ ಅಮ್ಮಾನ್. ಆ ಕುದುರೆ ಕಥೆ ಸಾಕು ಮಾರಾಯ್ರೆ."

"ನಾಳೆ ಹೇಳಿ ಬರ್ತೇನೆ."

ಮರುದಿನ ಹೋದಾಗ ಫ್ಲ್ಯಾಟಿನ ಬಾಗಿಲು ಹಾರುಹೊಡೆದಿತ್ತು. ಎದುರುಮನೆಯ ಆಯಾ ಸುಬೈದಾ ಪಿಸುಗುಟ್ಟಿದಳು: "ಕರ್ಕೊಂಡು ಹೋದ್ರು. ಚಪ್ಪಲಿ ಹಾಕ್ಲಿಕ್ಕೂ ಬಿಡ್ಲಿಲ್ಲ."

ಹಾಳೆಗಳು ನೆಲದ ತುಂಬ ಚೆಲ್ಲಿದ್ದವು, ಮೇಲೆ ಬೂಟಿನ ಗುರುತು. ಕೈಬರಹವೆಲ್ಲ ತನ್ನದು. ಯಾರಿಗಾದರೂ ಸಿಕ್ಕರೆ? ಯೂಜಿನ್ ಅವನ್ನು ಒಟ್ಟುಮಾಡಿ ಅಡುಗೆಮನೆಯ ಸಿಂಕಿನಲ್ಲಿ ಸುಟ್ಟ, ಬೂದಿಗೆ ನೀರು ಬಿಟ್ಟ, ಕೈ ಒರೆಸಿಕೊಂಡು ಮನೆಗೆ ಬಂದ.

ಬಸ್ಸು ಟೈಗ್ರಿಸ್ ನದಿಯ ಪಕ್ಕದಲ್ಲೇ ಸಾಗಿತು. ಊರುಗಳ ಹೆಸರೆಲ್ಲ ಯೂಜಿನ್‌ಗೆ ಗೊತ್ತಿದ್ದವೇ. ಕುತ್‌ನಲ್ಲಿ ಇಳಿಸಿದಾಗ ಜನ ನೀರಿಗೆ ಓಡಿದರು. ಅವನು ನಿಂತೇ ಇದ್ದ.

"ಎಂತ ನೋಡ್ತೀರಿ?" ಮೊಲ್ಲಿ ಕೇಳಿದಳು.

"ಇಲ್ಲಿ ನಮ್ಮವರು ಸತ್ತಿದ್ದಾರೆ."

ಮೊಲ್ಲಿ ಗಾಬರಿಯಿಂದ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. "ಯಾವ ಬಸ್ಸಿನವರು? ನಿನ್ನೆಯಾ?"

ಅವನು ಅಲ್ಲವೆಂದು ತಲೆಯಾಡಿಸಿದ. ಅವಳು ಬಾಟಲಿ ಕೈಗಿತ್ತಳು, ಕುಡಿದ.

ಡಿಸೆಂಬರಿನಲ್ಲಿ, ಅವರು ಮಂಗಳೂರು ಸೇರಿದ ಎಷ್ಟೋ ದಿನಗಳ ಮೇಲೆ, ಹಿಡಿದಿಟ್ಟ ವಿದೇಶಿಯರನ್ನೆಲ್ಲ ಬಿಟ್ಟರೆಂದು ರೇಡಿಯೊ ಹೇಳಿತು. "ನಿಮ್ಮ ಸಾಹೇಬರೂ ಬಂದಿರ್ಬಹುದು. ಒಂದು ಕಾಗದ ಹಾಕಿ," ಎಂದಳು ಮೊಲ್ಲಿ.

ಯೂಜಿನ್ ಹೂಂ ಎಂದ. ಅವರು ಮೊದಲು ಕೇಳುವುದು ಆ ಹಾಳೆಗಳನ್ನೇ ಎಂದು ಅವನಿಗೆ ಗೊತ್ತಿತ್ತು. ಕಾಗದ ಹಾಕಲಿಲ್ಲ.