ಕಿರಿಸೊಸೆಯ ಕತ್ತರಿ

ಅವಳಿಗೆ ನಿಜಕ್ಕೂ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಸುಮ್ಮನಿದ್ದಾಳೋ? ಹೊಲಿಗೆ ಯಂತ್ರದ ಮುಂದೆ ಕುಳಿತ ದರ್ಜಿಗೆ ಅದೇ ಯೋಚನೆ. ಎದುರಿನ ಮೇಜಿನ ಬಳಿ ನಿಂತು ಹೆಂಡತಿ ಬಟ್ಟೆ ಕತ್ತರಿಸುತ್ತಿದ್ದಳು. ಮಡಿಕೆ ಸವರುವಾಗ ಗುಂಡುಸೂಜಿಯೊಂದು ಅವಳ ಬಲಗೈಯ ತೋರುಬೆರಳಿಗೆ ಚುಚ್ಚಿ, ಬಿಳಿ ಬಟ್ಟೆಯ ಮೇಲೆ ರಕ್ತದ ಚುಕ್ಕೆ ಮೂಡಿತ್ತು. ಅವಳ ಮುಖ ಅಲುಗಲಿಲ್ಲ. ಕತ್ತರಿ ಮುಂದಕ್ಕೆ ಹೋಗುತ್ತಲೇ ಇತ್ತು.

"ಬಟ್ಟೆ ಹಾಳಾಯ್ತು ನೋಡೇ," ಎಂದರು ಗುಂಡಿ ಹಚ್ಚುತ್ತ ಕೂತಿದ್ದ ಅತ್ತೆ.

ಆ ಮನೆಯಲ್ಲಿ ಕತ್ತರಿ ಕಿರಿಸೊಸೆಯ ಪಾಲು. ಗಂಡಸರು ಅಳತೆ ಗುರುತು ಹಾಕಿ ಹೊಲಿಯುವರು; ಇನ್ನೊಬ್ಬಳು ಸೊಸೆ ಬರುವವರೆಗೂ ಕತ್ತರಿಸುವುದೆಲ್ಲ ಅವಳದೇ. ಅತ್ತೆಯೂ ಹಾಗೆ ಬಂದವರು. ಮಡಚಲಾಗದ ತಮ್ಮ ಹೆಬ್ಬೆರಳನ್ನು ಅವರು ಪದಕದಂತೆ ತೋರಿಸುತ್ತಿದ್ದರು. ನೋವನ್ನೇ ಯೋಗ್ಯತೆ ಎನ್ನುವ ಮನೆಗಳು ಎಷ್ಟೋ ಇವೆ.

ಕೋಟು ಒಯ್ಯಲು ಬಂದ ಡಾಕ್ಟರಮ್ಮ, ಸೊಸೆ ಕೈ ಕೊಡವುತ್ತಿದ್ದುದನ್ನು ಕಂಡು, ಆ ಕೈ ಹಿಡಿದು ನೋಡಿದರು.

"ರಾತ್ರಿ ಜೋಮು ಹಿಡಿದು ಎಚ್ಚರ ಆಗತ್ತಾ?"

"ಆಗತ್ತೆ. ಈಗೀಗ ಹಗಲೂ ಹಾಗೇ."

"ಮಣಿಕಟ್ಟಲ್ಲಿ ನರ ಅದುಮಿಕೊಂಡಿದೆಯಮ್ಮ. ಆಸ್ಪತ್ರೆಗೆ ಬಾ. ಆದ್ರೆ ಕೆಲಸ ಹೀಗೇ ಇದ್ರೆ ಔಷಧಿಯಿಂದ ಏನೂ ಆಗಲ್ಲ. ಸ್ವಲ್ಪ ಹೊತ್ತು ನೀನು ಕತ್ತರಿಸು, ಸ್ವಲ್ಪ ಹೊತ್ತು ಇವರು ಕತ್ತರಿಸಲಿ. ನಡುನಡುವೆ ಕೈಗೆ ಬಿಡುವು ಕೊಡು. ಕತ್ತರಿಗೆ ಸಾಣೆ ಹಿಡಿಸಿ, ಮೊಂಡಾದಷ್ಟೂ ಜಾಸ್ತಿ ಅದುಮಬೇಕಾಗತ್ತೆ. ಸುಮ್ಮನೆ ಬಿಟ್ರೆ ಬೆರಳಿಗೆ ಬಿಸಿಯೂ ತಿಳಿಯಲ್ಲ, ತಂಪೂ ತಿಳಿಯಲ್ಲ."

ಅತ್ತೆ ನಕ್ಕರು. "ಸೂಜಿ ಚುಚ್ಚೋರಿಗೆ ಕತ್ತರಿ ವಿಷಯ ಯಾಕೆ, ಡಾಕ್ಟರಮ್ಮ? ನೋವು ಬಂದ್ರೇನೇ ಕಸುಬು ಬಂದ ಹಾಗೆ. ನನ್ನ ಮಗ ಹೆಂಡತಿಯ ಕತ್ತರಿ ಹಿಡಿದ್ರೆ ಬೀದಿಯೋರು ಎದುರಿಗೇ ನಗ್ತಾರೆ."

"ನಗಲಿ ಬಿಡಿ. ನಕ್ಕೋರು ಇವಳ ಕೈ ವಾಪಸು ಕೊಡ್ತಾರಾ?" ಡಾಕ್ಟರಮ್ಮ ದರ್ಜಿಯ ಕಡೆ ತಿರುಗಿದರು. "ನೀವೇನಂತೀರಪ್ಪ?"

"ಶಾಲೆ ಸಮವಸ್ತ್ರದ್ದೊಂದು ಮುಗೀಲಿ, ನೋಡೋಣ," ಎಂದು ಅವನು ಪೆಡಲ್ ತುಳಿದ. ಯಂತ್ರದ ಸದ್ದಿನಲ್ಲಿ ಮಾತು ಮುಳುಗಿತು.

ಆ ರಾಶಿ ಮುಗಿಯಿತು, ಇನ್ನೊಂದು ಬಂತು. ಅವಳ ಕೈಯಿಂದ ಲೋಟ ಜಾರತೊಡಗಿತು. ತನ್ನ ಪುಟ್ಟ ಮಗುವಿನ ಅಂಗಿಯ ಗುಂಡಿಯನ್ನು ಕಣ್ಣಿಟ್ಟು ನೋಡಿಯೇ ಹಾಕಬೇಕಾಗುತ್ತಿತ್ತು.

"ರೀ, ಇವತ್ತೊಂದಿನ ನೀವು ಕತ್ತರಿಸ್ತೀರಾ?" ಎಂದು ಒಮ್ಮೆ ಕೇಳಿಯೂ ಕೇಳಿದಳು.

"ಅಮ್ಮ ಇದ್ದಾರೆ, ಸುಮ್ನಿರು," ಎಂದ.

ಒಂದು ಬೆಳಿಗ್ಗೆ ಮಗುವಿನ ಸ್ನಾನಕ್ಕೆ ಬೋಗುಣಿಗೆ ಬಿಸಿನೀರು ತೋಡಿದಳು. ಬಲಗೈ ಬೆರಳು ಅದ್ದಿ ನೋಡಿದಳು. ಹದವಾಗಿದೆ ಅನ್ನಿಸಿತು. ಮಗುವನ್ನು ಇಳಿಸಿದಳು.

ಒಳಗಿನಿಂದ ಬಂದ ಕೂಗು ಮಗುವಿನದೋ ಅವಳದೋ, ದರ್ಜಿಗೆ ಇಂದಿಗೂ ತಿಳಿಯದು. ಆಸ್ಪತ್ರೆಯಲ್ಲಿ ಕೆಲವು ದಿನ ನರಳಿ ಮಗು ಹೋಯಿತು.

ಮೇಜನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದರು. ಜನ ಬಂದು ಕೂತರು.

"ಹೆತ್ತವಳಿಗೆ ನೀರಿನ ಬಿಸಿ ನೋಡೋಕೂ ಬರಲ್ವಾ?" ಎಂದರು ಅತ್ತೆ, ಅಳುತ್ತ.

"ಗ್ಯಾನ ಎಲ್ಲಿತ್ತೋ ಏನೋ," ಎಂದು ಪಕ್ಕದ ಮನೆಯಾಕೆ ದನಿಗೂಡಿಸಿದಳು.

"ನೋಡಿದ್ದೆ. ಬೆರಳಿಟ್ಟು ನೋಡಿದ್ದೆ," ಎಂದಳು ಸೊಸೆ.

ಯಾರೂ ನಂಬಲಿಲ್ಲ. ಎಲ್ಲರೂ ಗಂಡನ ಮುಖ ನೋಡಿದರು. ಅವಳೂ ನೋಡಿದಳು.

ಅವಳ ಬೆರಳಿಗೆ ಬಿಸಿ ತಿಳಿಯುತ್ತಿರಲಿಲ್ಲ, ಅದು ತನಗೆ ಗೊತ್ತಿತ್ತು ಎಂದು ಅವನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.