ಕಲ್ಲಿನೊಳಗಿನ ಬೇಸಿಗೆಗಳು

ಅಕ್ಕನ ಹಿತ್ತಲಲ್ಲಿ ತಮ್ಮನೇ ಬೋರ್‌ವೆಲ್ ಕೊರೆದು ಇಪ್ಪತ್ತೆರಡು ವರ್ಷವಾಗಿತ್ತು. ಇನ್ನೂರು ಮೀಟರ್ ಆಳ. ಪಂಪು ಹಾಕಿದರೆ ಐದೇ ನಿಮಿಷಕ್ಕೆ ಖಾಲಿ. ಊರಿಗೆಲ್ಲ ನೀರು ಕೊಟ್ಟವನು ಒಡಹುಟ್ಟಿದವಳಿಗೆ ತೂತು ಕೊಟ್ಟ ಎಂದು ಅಕ್ಕ ಇವತ್ತಿಗೂ ಆಡಿಕೊಳ್ಳುತ್ತಾಳೆ. ನಾಳೆ ಅದಕ್ಕೆ ಕಾಂಕ್ರೀಟು ಸುರಿದು, ಮೇಲೆ ಅಡುಗೆಮನೆ ಕಟ್ಟುವುದಿತ್ತು.

ಅಷ್ಟರಲ್ಲಿ, ತಮ್ಮನಿಗೆ ಮೊದಲೇ ಹೇಳಿಕಳಿಸಿದ್ದ, ನೆಲದ ಬಿಸಿ ಅಳೆಯುವ ಮೇಡಂ ಬಂದರು.

"ಯಾರೂ ಮುಟ್ಟದ ಇಂಥದ್ದೇ ಬೇಕಿತ್ತು ನನಗೆ. ಮೇಲಿನ ಸೆಕೆ, ಚಳಿ ನಿಧಾನಕ್ಕೆ ಕಲ್ಲಿನೊಳಗೆ ಇಳಿಯುತ್ತೆ. ನೂರು ಮೀಟರ್ ಇಳಿಯೋಕೆ ಹೆಚ್ಚುಕಮ್ಮಿ ನೂರು ವರ್ಷ."

"ಇದನ್ನ ಯಾರು ಮುಟ್ತಾರೆ!" ಅಕ್ಕ ನಕ್ಕಳು.

ತಮ್ಮನ ಮುಖ ಸಪ್ಪಗಾಯಿತು. "ಮೇಡಂ, ಬೆಳಿಗ್ಗೆ ನಾನೇ ಹಗ್ಗಕ್ಕೆ ಕಬ್ಬಿಣದ ಗುಂಡು ಕಟ್ಟಿ, ತಳದ ತನಕ ಎತ್ತೆತ್ತಿ ಕುಕ್ಕಿದೆ. ಹೂಳು ತುಂಬಿದ್ಯಾ ಅಂತ. ನಿಮಗೆ ಉಪಕಾರ ಆಗ್ಲಿ ಅಂತ."

"ಅಯ್ಯೋ! ಮೇಲಿನ ನೀರು, ಕೆಳಗಿನ ನೀರು ಎಲ್ಲ ಕಲಸಿಹೋಯ್ತಲ್ಲ. ಮತ್ತೆ ಕಲ್ಲಿನ ಬಿಸಿಗೆ ಹೊಂದ್ಕೊಳ್ಳೋಕೆ ಮೂರು ದಿನ ಬೇಕು."

"ಅಕ್ಕಾ..."

"ಮೇಸ್ತ್ರಿಗೆ ಏನಂತ ಹೇಳ್ಲೋ?"

"ನನ್ನ ತಲೆ ಮೇಲೆ ಹಾಕು."

"ನಿನ್ನ ತಲೆ ಮೇಲೆ ಹಾಕಿದ್ದು ಯಾವುದು ನಿಂತಿದೆ!" ಬೈಯುತ್ತಲೇ ಅಕ್ಕ ಫೋನು ಎತ್ತಿಕೊಂಡಳು.

ನಾಲ್ಕನೆಯ ದಿನ ಮೇಡಂ ತೆಳ್ಳನೆಯ ತಂತಿಯ ತುದಿಗೆ ಥರ್ಮಾಮೀಟರ್ ಕಟ್ಟಿ, ಮಲಗಿದ ಮಗುವನ್ನು ಎಬ್ಬಿಸಬಾರದೆನ್ನುವ ಹಾಗೆ ಇಳಿಬಿಟ್ಟರು. ಐದು ಮೀಟರ್ ಇಳಿಸುವುದು, ಕಾಯುವುದು, ಬರೆಯುವುದು. ಆಳಕ್ಕೆ ಹೋದಷ್ಟೂ ನೆಲ ಬಿಸಿ ಎಂದೇ ತಮ್ಮ ತಿಳಿದಿದ್ದ. ಇಲ್ಲಿ ಅಂಕಿ ತಗ್ಗುತ್ತಲೇ ಹೋಯಿತು. ಎಂಬತ್ತು ಮೀಟರಿನಲ್ಲಿ ನಿಂತಿತು. ಆಮೇಲೆ ಮೆಲ್ಲಗೆ ಏರತೊಡಗಿತು.

"ಉಲ್ಟಾ ಇದ್ಯಲ್ಲ ಮೇಡಂ!"

"ಕೆಳಗಿನದು ಭೂಮಿಯ ಸ್ವಂತ ಬಿಸಿ. ಮೇಲಿನದು ನಮ್ಮ ಕಾಲದ ಸೆಕೆ. ಈಗಷ್ಟೇ ಇಳೀತಾ ಇದೆ."

ಅಕ್ಕ ಮೆಲ್ಲಗೆ ಕೇಳಿದಳು. "ನಮ್ಮಮ್ಮ ಇದ್ದಾಗಿನ ಸೆಕೆ ಎಲ್ಲಿದೆ?"

"ಬೆರಳಿಟ್ಟು ತೋರ್ಸೋಕಾಗಲ್ಲ. ಒಂದರೊಳಗೊಂದು ಬೆರೆತಿರುತ್ತೆ. ಆದ್ರೆ ಇದರೊಳಗೇ ಇದೆ."

ಅಕ್ಕ ಬಗ್ಗಿ ನೋಡಿದಳು. ಒಂದು ಗೇಣಗಲದ ಕತ್ತಲೆ. ತಾನು ಪಾತ್ರೆ ತೊಳೆದ, ಬಟ್ಟೆ ಒಣಗಿಸಿದ ಈ ನೆಲದಡಿ, ತಾನು ಮರೆತೇಬಿಟ್ಟ ಬೇಸಿಗೆಗಳೆಲ್ಲ ಇನ್ನೂ ಇಳಿಯುತ್ತಲೇ ಇದ್ದವು. ಬಗ್ಗಿದವಳು ತಲೆ ಎತ್ತದೆಯೇ ಕೇಳಿದಳು.

"ಹತ್ತು ವರ್ಷ ಬಿಟ್ಟು ಮತ್ತೆ ನೋಡಬಹುದಾ?"

"ಮುಚ್ಚದೆ ಇದ್ರೆ."

ಮೇಸ್ತ್ರಿ ಬಂದಾಗ ಅಕ್ಕ ಕಾಲಿನಿಂದ ನೆಲದ ಮೇಲೆ ಹೊಸ ಗೆರೆ ಎಳೆದಳು. "ಗೋಡೆ ಇಲ್ಲಿಗೆ ನಿಲ್ಲಿಸಿ. ಇದಕ್ಕೆ ಬೀಗದ ಮುಚ್ಚಳ ಸಾಕು."

"ಅಡುಗೆಮನೆ ಗೂಡಾಗುತ್ತಲ್ಲಮ್ಮ!"

"ಆಗ್ಲಿ ಬಿಡಿ. ಒಬ್ಬಳು ತಿರುಗಾಡಿದ್ರೆ ಸಾಕು."